ಗುಂಡಿಗೆ ಹೋದ ಡೇರೆ ಗಡ್ಡೆ

ಗೊಬ್ಬರದ ವಿಷಯದಲ್ಲಿ ನನಗೆ ಸೊಕ್ಕಿತ್ತು. ಹಾಡು ಬಾರದು, ರಂಗೋಲಿ ಸೊಟ್ಟ, ಅಡುಗೆ ಹೊಟ್ಟೆ ತುಂಬುವಷ್ಟು. ಆದರೆ ಒಂದು ಹಿಡಿ ಗೊಬ್ಬರ ಮೂಸಿ ನೋಡಿ, ಇದಕ್ಕೆ ನೀರು ಹೆಚ್ಚಾಗಿದೆ, ಇದನ್ನಿನ್ನೂ ಹದಿನೈದು ದಿನ ಮುಟ್ಟಬಾರದು ಎಂದು ಹೇಳಬಲ್ಲೆ. ಅರಬೈಲಿನ ಹತ್ತಿರದ ತವರಿನಲ್ಲಿ ಅಪ್ಪ ಕಲಿಸಿದ ವಿದ್ಯೆ ಅದೊಂದೇ. ಜಾತಕ ಕೂಡಿಬರದೆ ಮೂವತ್ತರ ತನಕ ಅಲ್ಲೇ ಉಳಿದವಳಿಗೆ, ತೊಂಬತ್ತರ ದಶಕದ ನಡುವಿನಲ್ಲಿ ಶಿರಸಿ ಪೇಟೆಯ ಸಂಬಂಧ ಬಂತು. ಎರಡನೇ ಸಂಬಂಧ. ಗಂಡ ಹೈಸ್ಕೂಲು ಮಾಸ್ತರು. ಮನೆಯಲ್ಲಿ ಅತ್ತೆ, ಹತ್ತು ವರ್ಷದ ಮಗಳು. ಮಗುವಿನ ತಾಯಿ ತೀರಿಕೊಂಡು ಎರಡು ವರ್ಷವಾಗಿತ್ತು.

ಹುಡುಗಿ ನನ್ನನ್ನು ಏನೆಂದೂ ಕರೆಯುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಗೋಡೆಗೆ ಹೇಳುವಂತೆ “ಊಟಕ್ಕೆ ಆತಡ” ಎಂದು ಸುದ್ದಿ ಮುಟ್ಟಿಸಿ ಓಡುತ್ತಿದ್ದಳು. ‘ಆಯಿ’ ಎಂಬ ಮಾತು ಗೋಡೆಯ ಮೇಲಿದ್ದ, ಹೆತ್ತ ತಾಯಿಯ ಫೋಟೋದ್ದು. ಅದು ನನಗೆ ಬೇಕಿರಲಿಲ್ಲ. ‘ಚಿಕ್ಕಿ’ ಎಂದಿದ್ದರೆ ಸಾಕಿತ್ತು. ಯಾರಿಂದಲೂ ಏನೂ ಕರೆಸಿಕೊಳ್ಳದೆ ಒಂದು ಮನೆಯಲ್ಲಿ ಪಾತ್ರೆ ತೊಳೆಯುವುದು ಎಷ್ಟು ಕಷ್ಟ ಎಂಬುದು ತೊಳೆದವರಿಗೇ ಗೊತ್ತು.

ನಾನು ಹಿತ್ತಲಿನ ಕೆಲಸಕ್ಕೆ ಬಿದ್ದೆ. ಹುಡುಗಿಯ ತಾಯಿ ತೀರಿಕೊಂಡ ವರ್ಷವೇ ಆಕಳನ್ನು ಯಾರಿಗೋ ಕೊಟ್ಟುಬಿಟ್ಟಿದ್ದರು, ಹಿತ್ತಲ ಮಣ್ಣು ಕಲ್ಲಾಗಿತ್ತು. ಮದುವೆಯಾದ ತಿಂಗಳಲ್ಲೇ ಸೊಂಟ ಮಟ್ಟದ ಗುಂಡಿ ತೋಡಿಸಿದೆ. ತರಕಾರಿ ಸಿಪ್ಪೆ, ಕಾಫಿ ಚರಟ, ತರಗೆಲೆ, ಪಕ್ಕದ ಮನೆಯಿಂದ ಬೇಡಿ ತಂದ ಸಗಣಿ, ಎಲ್ಲ ಪದರ ಪದರವಾಗಿ ಬಿತ್ತು. “ಗುಂಡಿಗೆ ಹಾಕೂಲೆ ಇನ್ನು ಎನ್ನನ್ನೇ ಹುಡುಕವ್ವು” ಎಂದು ಅತ್ತೆ ಚೇಷ್ಟೆ ಮಾಡುತ್ತಿದ್ದರು. ನನಗೆ ಹುಮ್ಮಸ್ಸು. ಒಂದು ಮಧ್ಯಾಹ್ನ ಬಚ್ಚಲ ಅಟ್ಟ ಗುಡಿಸಲು ಹತ್ತಿದೆ.

ಅಲ್ಲೊಂದು ಬಿದಿರ ಬುಟ್ಟಿ, ಅದರ ತುಂಬ ಬೂದಿ, ಬೂದಿಯೊಳಗೆ ಡೇರೆ ಗಡ್ಡೆಗಳು. ಡೇಲಿಯಾ ಹೂವಿಗೆ ನಮ್ಮ ಕಡೆ ಡೇರೆ ಎನ್ನುತ್ತಾರೆ. ಹೂ ಮುಗಿದ ಮೇಲೆ ಗಡ್ಡೆ ಕಿತ್ತು ಬೂದಿಯಲ್ಲಿಟ್ಟು, ಮಳೆ ಹಿಡಿಯುವಾಗ ಮತ್ತೆ ನೆಡುವುದು ಎಲ್ಲ ಮನೆಯ ಹೆಂಗಸರ ವಾಡಿಕೆ. ಇವಂತೂ ಸುಕ್ಕುಗಟ್ಟಿ ಸತ್ತಂತೆ ಕಾಣುತ್ತಿದ್ದವು. ಯಾರವು ಎಂದು ಗೊತ್ತಿರಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಒಂದೊಂದು ಗಡ್ಡೆಯನ್ನೂ ಹಳೆಯ ನೈಲೆಕ್ಸ್ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದರು, ಆ ಸೀರೆ ಗೋಡೆಯ ಫೋಟೋದಲ್ಲಿತ್ತು. ಒಂದನ್ನು ಉಗುರಿನಿಂದ ಕೆರೆದೆ. ಒಳಗೆ ಹಸಿಯಿತ್ತು. ಸೊಕ್ಕೋ, ಹೊಟ್ಟೆಕಿಚ್ಚೋ, ಎರಡೂ ಇರಬೇಕು. ಕೆಳಗೆ ತಂದು, ಇಡೀ ಗಡ್ಡೆ ಕೊಳೆಯಲು ತಡ ಎಂದು ಕತ್ತಿಯಿಂದ ಸಣ್ಣಗೆ ಕೊಚ್ಚಿ ಗುಂಡಿಗೆ ಹಾಕಿ ಮೇಲೆ ಸಗಣಿನೀರು ಹೊಯ್ದೆ. ನೈಲೆಕ್ಸ್ ಕೊಳೆಯುವುದಿಲ್ಲ, ಅದನ್ನು ಬಚ್ಚಲ ಒಲೆಗೆ ಹಾಕಿದೆ.

ಸಂಜೆ ತೊಳೆದು ಕವುಚಿಟ್ಟ ಬುಟ್ಟಿಯನ್ನು ಅತ್ತೆ ನೋಡಿದರು.

“ಇದ್ರಲ್ಲಿ ಇದ್ದಿದ್ದು ಎಂತ ಆತು?”

“ಕೊಳೆತಿತ್ತು ಅತ್ತೆ. ಗುಂಡಿಗೆ ಹಾಕಿದೆ.”

ಅತ್ತೆ ಅಲ್ಲೇ ಮೆಟ್ಟಿಲ ಮೇಲೆ ಕೂತರು. ಹೋದ ವರ್ಷ ಮೊಮ್ಮಗಳೂ ಅವರೂ ಕೂಡಿ ನೆಟ್ಟು, ಕೂಡಿ ಕಿತ್ತಿಟ್ಟ ಗಡ್ಡೆಗಳವು. ಕಡುಗೆಂಪು ಹೂ, ಎಸಳ ತುದಿ ಬಿಳಿ. ಆ ಜಾತಿ ಬೇರೆ ಯಾರ ಅಂಗಳದಲ್ಲೂ ಇರಲಿಲ್ಲ, ಏಕೆಂದರೆ ಕೇಳಿದವರಿಗೆಲ್ಲ ಹುಡುಗಿಯ ತಾಯಿ “ಈ ವರ್ಷ ಗಡ್ಡೆ ಕೂತಿದ್ದಿಲ್ಲೆ” ಎಂದು ಸಾಗಹಾಕುತ್ತಿದ್ದಳಂತೆ. ಸತ್ತವಳ ಜಿಪುಣತನ ಕೇಳಿ ಆ ಗಳಿಗೆಯಲ್ಲೂ ನನಗೆ ಅವಳ ಮೇಲೆ ಒಂದಿಷ್ಟು ಪ್ರೀತಿ ಬಂತು. ಆಮೇಲೆ ಹೆದರಿಕೆ ಬಂತು.

“ಮಳೆ ಬೀಳೋವರೆಗೆ ಬಾಯಿ ಬಿಡಡ” ಎಂದರು ಅತ್ತೆ.

ಮಳೆಗೆ ಇನ್ನೂ ಎರಡು ತಿಂಗಳಿತ್ತು. ಹುಡುಗಿ ನನ್ನ ಹತ್ತಿರ ಬಂದದ್ದು ಸರಿಯಾಗಿ ಆ ಎರಡು ತಿಂಗಳಲ್ಲಿ. ಗುಂಡಿಯೊಳಗೆ ಕೋಲು ಚುಚ್ಚಿಟ್ಟು ಸ್ವಲ್ಪ ಹೊತ್ತು ಬಿಟ್ಟು ಎಳೆದರೆ ಬಿಸಿಯಾಗಿರುತ್ತದೆ, ಒಳಗೆ ಕಳಿಯುವ ಕೆಲಸ ನಡೆದಿದೆ ಎಂದು ಅದರ ಅರ್ಥ. ಒಂದು ದಿನ ನಾನು ಕೋಲು ಎಳೆಯುವಾಗ ಅವಳು ಹಿಂದೆ ನಿಂತಿದ್ದಳು. “ಮುಟ್ಟಿ ನೋಡು” ಎಂದೆ. ಮುಟ್ಟಿದಳು. “ಚಿಕ್ಕೀ, ಬಿಸಿ ಇದ್ದು!”

ಅಷ್ಟು ದಿನ ಕಾದ ಮಾತು ಅದು, ಆದರೆ ಹಿಗ್ಗಲಾಗಲಿಲ್ಲ. ಆ ಕೋಲು ಚುಚ್ಚಿದ್ದ ಜಾಗದಲ್ಲೇ ಗಡ್ಡೆಯ ತುಂಡುಗಳಿದ್ದವು. ಆಮೇಲೆ ದಿನವೂ ಶಾಲೆಯಿಂದ ಬಂದವಳು ಚೀಲ ಎಸೆದು ಗುಂಡಿಗೇ ಓಡುತ್ತಿದ್ದಳು. ಅವಳು ಗುದ್ದಲಿ ಹಿಡಿದರೆ ನಾನು ಕಸಿದುಕೊಳ್ಳುತ್ತಿದ್ದೆ. ಒಂದು ತುಂಡು ಮೇಲೆ ಬಂದರೆ? “ಚಿಕ್ಕಿ, ಒಂದ್ಸಲ” ಎಂದು ಗೋಗರೆದರೂ ಕೊಡುತ್ತಿರಲಿಲ್ಲ. ಕಾಲಿಗೆ ಪೆಟ್ಟಾದೀತೆಂಬ ಕಾಳಜಿ ಎಂದುಕೊಂಡು ಗಂಡ ಖುಷಿಪಟ್ಟರು.

ಮೊದಲ ಮಳೆ ಬಿದ್ದ ಮರುಬೆಳಿಗ್ಗೆ ಹುಡುಗಿ ಅಟ್ಟ ಹತ್ತಿದಳು. ಇಳಿದವಳ ಮುಖ ಬೆಳ್ಳಗಾಗಿತ್ತು.

“ಅಮ್ಮಮ್ಮಾ, ಗಡ್ಡೆ ಯಾರು ತಗಂಡ್ರು?”

ನಾನು ಬಾಯಿ ತೆರೆದೆ. ಅತ್ತೆ ನನ್ನ ಕಡೆ ನೋಡಲಿಲ್ಲ. “ಯಾರೂ ತಗಂಡಿದ್ದಲ್ಲ. ಇಲಿ ಕಡಿದು ಹಾಳಾಗಿತ್ತು. ಆನೇ ಬಚ್ಚಲ ಒಲೆಗೆ ಹಾಕಿದ್ದೆ.”

ಹುಡುಗಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ತಾಯಿ ಹೋದಾಗಿನಿಂದ ಅಜ್ಜಿಯ ಮಗ್ಗುಲಲ್ಲಿ ಮಲಗಿದವಳು ಅಂದು ಹಾಸಿಗೆ ಎತ್ತಿ ನನ್ನ ಕೋಣೆಗೆ ತಂದಳು. ಜಡೆ ಹಾಕಿಸಿಕೊಳ್ಳಲು ನನ್ನ ಮುಂದೆ ಕೂತಳು. ಆ ಜಡೆಯನ್ನು ನಾನು ಹಾಕಿದೆ. ಒಂದು ದಿನವಲ್ಲ, ಇಡೀ ಆಷಾಢ ಹಾಕಿದೆ. ಕದ್ದ ಸುಖ ಎಂದು ಗೊತ್ತಿದ್ದೂ ಕೈ ಬಿಡಲಾಗಲಿಲ್ಲ. ಅತ್ತೆ ಒಬ್ಬರೇ ಜಗಲಿಯಲ್ಲಿ ಕೂತು ಬತ್ತಿ ಹೊಸೆಯುತ್ತಿದ್ದರು. ಹೇಳಿಬಿಡುತ್ತೇನೆ ಎಂದರೆ ಕಣ್ಣಲ್ಲೇ ಗದರಿಸುತ್ತಿದ್ದರು.

ಶ್ರಾವಣದಲ್ಲಿ ಬೇರೆಯವರ ಅಂಗಳದಲ್ಲೆಲ್ಲ ಡೇರೆ ಅರಳಿತು. ಒಂದು ಸಂಜೆ ಅತ್ತೆ ಕನ್ನಡಕ ಹುಡುಕುತ್ತಿದ್ದರು. “ಕೂಸೆ, ಎನ್ನ ಕನ್ನಡಕ ಕಂಡ್ಯ?”

ಹುಡುಗಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ಬಚ್ಚಲ ಒಲೆಯಲ್ಲಿ ಹುಡುಕು.”

ಅತ್ತೆ ನಕ್ಕರು. “ಹೌದೇ ಕೂಸೆ, ಅಲ್ಲೇ ಇಕ್ಕು” ಎಂದು ನಿಜವಾಗಿಯೂ ಬಚ್ಚಲ ಕಡೆ ನಡೆದರು, ಗೋಡೆ ಸವರುತ್ತ. ನನಗೆ ತಡೆಯಲಾಗಲಿಲ್ಲ. ಹುಡುಗಿಯ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದೆ.

“ಒಲೆಗೆ ಹಾಕಿದ್ದಲ್ಲ. ಕೊಚ್ಚಿ ಈ ಗುಂಡಿಗೆ ಹಾಕಿದ್ದು. ಅಮ್ಮಮ್ಮ ಅಲ್ಲ, ಆನು.”

ಅವಳು ಗುಂಡಿ ನೋಡಿದಳು, ನನ್ನನ್ನು ನೋಡಿದಳು. “ಆಯಿದು ಅಂತ ಗೊತ್ತಿತ್ತ ನಿಂಗೆ?”

ಗೊತ್ತಿರಲಿಲ್ಲ ಎಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಗೆಯ ತುದಿಯಲ್ಲೇ ಇತ್ತು.

“ಗೊತ್ತಿತ್ತು” ಎಂದೆ.

ಕೈ ಕೊಡವಿಕೊಂಡು ಒಳಗೆ ಹೋದಳು. ಹಾಸಿಗೆ ಅಜ್ಜಿಯ ಮಗ್ಗುಲಿಗೆ ಹೋಯಿತು. ಅಡುಗೆಮನೆಯಲ್ಲಿ ಅತ್ತೆ ನನ್ನ ಮೇಲೆ ಹರಿಹಾಯ್ದರು. ಆ ಮನೆಯಲ್ಲಿ ನಾನು ಬೈಗುಳ ಕೇಳಿದ್ದು ಅದೇ ಮೊದಲು.

“ನಿನ್ನ ಯಾರು ಕೇಳಿದ್ದ? ಸಿಟ್ಟು ಎನ್ನ ಮೇಲೇ ಇರ್ಲಿ ಬಿಡು ಅಂದ್ರೆ! ಆನು ಇವತ್ತೋ ನಾಳೆಯೋ ಹೋಪವಳು. ಕೂಸಿನ ಸಂತಿಗೆ ಕಡೇತನಕ ಇಪ್ಪವಳು ನೀನು.”

ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಆಮೇಲಿನ ದಿನಗಳಲ್ಲಿ ಮತ್ತೆ ಗೋಡೆಗೆ ಹೇಳುವ ಮಾತು ಶುರುವಾಯಿತು. ಜಡೆ ಮತ್ತೆ ಅಮ್ಮಮ್ಮನ ಕೈಗೆ ಹೋಯಿತು. ನಾನು ಬಡಿಸಿದ್ದನ್ನು ಉಣ್ಣುತ್ತಿದ್ದಳು, ನನ್ನ ಮುಖ ಮಾತ್ರ ನೋಡುತ್ತಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರಲ್ಲ, ಹಾಗೆ ಉಂಡೆ.

ನವರಾತ್ರಿ ಕಳೆದ ಮೇಲೆ ಗುಂಡಿ ತೆಗೆದೆ. ಮಳೆಗಾಲವಿಡೀ ತಗಡು ಹೊದೆಸಿ ಕಾಪಾಡಿದ ಗೊಬ್ಬರ, ಕಾಫಿಪುಡಿಯ ಹಾಗೆ ಉದುರುದುರು. ಬೆಂಡೆ, ಬದನೆಯ ಪಾತಿಗೆಂದು ಮೊದಲ ಬುಟ್ಟಿ ತುಂಬಿದಾಗ ಅವಳು ಬಂದು ಎದುರು ನಿಂತಳು.

“ಕೊಚ್ಚಿದ್ದು ಎಂತಕೆ?”

“ಬೇಗ ಕೊಳಿಲಿ ಅಂತ.”

“ಕೊಳೀತ?”

“ಕೊಳೀತು.”

“ಇದ್ರಲ್ಲೇ ಇದ್ದ?” ಎಂದು ಬುಟ್ಟಿ ತೋರಿಸಿದಳು. ಇದೆ ಎಂದೆ. ಅವಳು ಬಗ್ಗಿ ಬುಟ್ಟಿ ಎತ್ತಲು ಹೋದಳು, ಭಾರಕ್ಕೆ ವಾಲಿದಳು. ನಾನು ಕೈ ಚಾಚಿದೆ.

“ನೀನು ಮುಟ್ಟಡ ಚಿಕ್ಕಿ.”

ಮುಟ್ಟಲಿಲ್ಲ. ಅರ್ಧ ಚೆಲ್ಲಿ, ಹಗುರ ಮಾಡಿಕೊಂಡು, ಮನೆಯ ಮುಂದೆ ಹಿಂದಿನ ವರ್ಷ ಡೇರೆ ಅರಳಿದ್ದ ಖಾಲಿ ಪಾತಿಗೆ ಹೊತ್ತುಕೊಂಡು ಹೋಗಿ ಸುರಿದಳು. ಮತ್ತೆ ಬಂದಳು, ಕೈಯಿಂದಲೇ ತುಂಬಿಕೊಂಡಳು, ಮತ್ತೆ ಹೊತ್ತಳು. ಎಲ್ಲದಕ್ಕೂ ಕೈ ಹಾಕಿ ಅಭ್ಯಾಸವಾದ ನಾನು ಎರಡೂ ಕೈ ಸೆರಗಿನಲ್ಲಿ ಸುತ್ತಿಕೊಂಡು, ಗುಂಡಿ ಬರಿದಾಗುವ ತನಕ ಅಲ್ಲೇ ನಿಂತೆ.