ಒಂದು ಸಾಲು ಮೇಲೆ ನಿಂತ ಪೆಟ್ಟಿಗೆ

ಆಸ್ಪತ್ರೆಯ ರಕ್ತನಿಧಿಯಲ್ಲಿ ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಅಳತೆ ಸಾರ್ ಎಂದೇ. ದರ್ಜಿಯ ಮಗ, ಗೋಡೆಗೆ ಕ್ಯಾಲೆಂಡರ್ ತಗುಲಿಸಲೂ ಜೇಬಿನಿಂದ ಟೇಪು ತೆಗೆಯುವ ಆಸಾಮಿ. ಕಂಪ್ಯೂಟರಿನ ಮುಂದೆ ಕೂತ ಮೇಲೂ ಆ ಚಾಳಿ ಬಿಡಲಿಲ್ಲ. ಎಕ್ಸೆಲ್ ಹಾಳೆಯ ಒಂದು ಕೋಶ ಪರದೆಯ ಎಡಕ್ಕೆ ಎಷ್ಟು ಪಿಕ್ಸೆಲ್ ದೂರ, ಮೇಲಿನಿಂದ ಎಷ್ಟು ದೂರ ಎಂದು ಲೆಕ್ಕ ಹಾಕುವ ಮ್ಯಾಕ್ರೋ ಎಂಬ ಪುಟ್ಟ ಪ್ರೋಗ್ರಾಂ ಬರೆಯಲು ಮೂರು ವಾರ ತಲೆ ಕೆಡಿಸಿಕೊಂಡಿದ್ದ. ಅದರಿಂದ, ರಕ್ತದ ಚೀಲದ ಬಾರ್‌ಕೋಡ್ ಸ್ಕ್ಯಾನ್ ಮಾಡಿದ ಕೂಡಲೇ ಅದು ಯಾವ ರೋಗಿಗೋ ಆ ಸಾಲಿನ ಪಕ್ಕದಲ್ಲಿ ಒಂದು ಹಳದಿ ಪೆಟ್ಟಿಗೆ ಬಂದು ನಿಲ್ಲುತ್ತಿತ್ತು.

“ಅಕ್ಕಾ, ಪೆಟ್ಟಿಗೆ ಎಲ್ಲಿ ನಿಲ್ಲುತ್ತೋ ಆ ಹೆಸರನ್ನ ಚೀಟಿಗೆ ಬರೀರಿ. ಬೇರೇನೂ ನೋಡೋದೇ ಬೇಡ,” ಎಂದು ಕಿಟಕಿ ಬಳಿ ಕೂರುವ ಹಿರಿಯ ಸಹಾಯಕಿಗೆ ಎದೆಯುಬ್ಬಿಸಿ ಹೇಳಿದ್ದ. ಇಡೀ ಕಚೇರಿಗೆ ಅವಳು ಅಕ್ಕನೇ.

ಆ ದಿನ ಹನ್ನೊಂದು ಗಂಟೆಗೆ ಪ್ರಿಂಟರಿಗೆ ಕಾಗದ ತುಂಬಲು ಅವಳ ಮೇಜಿಗೆ ಹೋದವನ ಕಣ್ಣು ಪರದೆಯ ಮೇಲೆ ಬಿತ್ತು. ಹಳದಿ ಪೆಟ್ಟಿಗೆ ಐದನೆಯ ಹೆಸರಿನ ಪಕ್ಕ ನಿಂತಿತ್ತು. ಸ್ಕ್ಯಾನಿಗೆ ಸಿಕ್ಕ ಕೋಶದ ಸುತ್ತ ಎಕ್ಸೆಲ್ ತಾನೇ ಎಳೆಯುವ ಹಸಿರು ಗೆರೆ ಮಾತ್ರ ಆರನೆಯದರ ಮೇಲಿತ್ತು. ಅಕ್ಷರಗಳೂ ಎಂದಿಗಿಂತ ದಪ್ಪ. ಮೂಲೆಯಲ್ಲಿ ಜೂಮ್ ನೂರರ ಬದಲು ನೂರಿಪ್ಪತ್ತು ಎಂದಿತ್ತು.

“ಅಕ್ಕಾ, ಈ ಚೀಲ ಎಲ್ಲಿ?”

“ಈಗಷ್ಟೇ ಹೋಯ್ತಲ್ಲಪ್ಪ, ಆಪರೇಷನ್ ಥಿಯೇಟರಿಗೆ. ಐದನೇ ಹೆಸರು ಬರೆದು ಕಳಿಸ್ದೆ.”

ಪರದೆ ಹಿಗ್ಗಿದಾಗ ಸಾಲುಗಳು ಕೆಳಗೆ ಜಾರಿದ್ದವು. ಅವನ ಪೆಟ್ಟಿಗೆ ಹಳೆಯ ಅಳತೆಗೇ ಅಂಟಿಕೊಂಡಿತ್ತು. ಬೆಳಿಗ್ಗೆ ಎರಡೇ ಹೆಸರಿದ್ದಾಗ ಕಣ್ಣಿಗೆ ಬೀಳದ ವ್ಯತ್ಯಾಸ ಆರನೆಯದಕ್ಕೆ ಬರುವಷ್ಟರಲ್ಲಿ ಒಂದಿಡೀ ಸಾಲಾಗಿತ್ತು. ಇಬ್ಬರ ರಕ್ತದ ಗುಂಪೂ ಒಂದೇ, ಹಾಗಾಗಿ ಚೀಲ ನೋಡಿ ಯಾರಿಗೂ ಅನುಮಾನ ಬರುವಂತಿರಲಿಲ್ಲ. ಆದರೆ ಐದನೆಯ ಹೆಂಗಸಿಗೆ ಅದೇ ಗುಂಪಿನವರಾದರೂ ಎಲ್ಲರ ರಕ್ತ ಒಗ್ಗುತ್ತಿರಲಿಲ್ಲ. ಹುಡುಕಿ ಹುಡುಕಿ ಅವಳಿಗೆಂದೇ ಒಂದು ಚೀಲ ತೆಗೆದಿಟ್ಟಿದ್ದರು. ಅದು ಇನ್ನೂ ಫ್ರಿಜ್ಜಿನಲ್ಲೇ ಇತ್ತು.

ಥಿಯೇಟರಿನ ಫೋನು ಎಂಗೇಜ್. ಅವನು ಎದ್ದೆನೋ ಬಿದ್ದೆನೋ ಎಂದು ಮೂರು ಮಹಡಿ ಓಡಿದ. ಮೆಟ್ಟಿಲುಗಳನ್ನು ಎಣಿಸದೆ ಹತ್ತಿದ್ದು ಜೀವಮಾನದಲ್ಲಿ ಅದೇ ಮೊದಲು.

“ಸಿಸ್ಟರ್, ಆ ಚೀಲ ಹಾಕ್ಬೇಡಿ!”

ಚೀಲ ಆಗಲೇ ಸ್ಟ್ಯಾಂಡಿನಲ್ಲಿ ತೂಗುತ್ತಿತ್ತು, ನಳಿಕೆ ನರ್ಸಿನ ಕೈಯಲ್ಲಿತ್ತು. “ಚೀಟೀಲಿ ಹೆಸರು ಸರಿಯಾಗೇ ಇದೆಯಲ್ರೀ?”

“ಚೀಟೀನೇ ತಪ್ಪು!”

ನರ್ಸು ನಳಿಕೆಯನ್ನು ಕೆಳಗಿಟ್ಟಳು. ಐದನೆಯ ಹೆಂಗಸಿನ ಆಪರೇಷನ್ನನ್ನು ಸಂಜೆಗೆ ಮುಂದೂಡಿದರು.

ಮಧ್ಯಾಹ್ನ ರಕ್ತನಿಧಿಯ ಅಧಿಕಾರಿ ಅವಘಡದ ಪುಸ್ತಕವನ್ನು ಅವನ ಮುಂದಿಟ್ಟು, “ಕಾರಣ ಬರೀರಿ,” ಎಂದು ಹೊರಗೆ ಹೋದರು. ಅಕ್ಕ ಬಾಗಿಲಲ್ಲಿ ನಿಂತಿದ್ದಳು.

“ಸಣ್ಣಕ್ಷರ ಕಾಣಿಸ್ತಿರಲಿಲ್ಲಪ್ಪ, ಅದಕ್ಕೇ ದೊಡ್ಡದು ಮಾಡ್ಕೊಂಡೆ. ಕಣ್ಣು ಮಂಜು ಅಂತ ಗೊತ್ತಾದ್ರೆ ಕೆಲಸದಿಂದ ತೆಗೀತಾರೆ ಅಂತ ಬಾಯಿ ಬಿಡ್ಲಿಲ್ಲ.”

ಪರದೆ ಹಿಗ್ಗಿಸಿದ್ದು ಯಾರು ಎಂದು ಒಂದು ಸಾಲು ಬರೆದರೆ ಸಾಕು, ಅವನು ಪಾರು. ಪೆನ್ನು ಕಾಗದಕ್ಕೆ ತಾಗಿಯೂ ಆಯಿತು. ಬೇರೇನೂ ನೋಡೋದೇ ಬೇಡ ಎಂದು ತಾನೇ ಹೇಳಿದ್ದು ನೆನಪಾಗಿ ನಾಚಿಕೆಯಿಂದ ಕಿವಿ ಬಿಸಿಯಾಯಿತು.

“ನನ್ನ ಮ್ಯಾಕ್ರೋ ಪರದೆಯ ಜೂಮ್ ಎಷ್ಟೆಂದು ಕೇಳದೆ ಅಳತೆ ತೆಗೆದಿದೆ. ತಪ್ಪು ನನ್ನದು,” ಎಂದು ಬರೆದು ಸಹಿ ಹಾಕಿದ.

“ನಾಳೆ ಕಣ್ಣಿನ ಡಾಕ್ಟರ ಹತ್ರ ನಾನೂ ಬರ್ತೀನಿ, ತಪ್ಪಿಸ್ಕೋಬೇಡಿ,” ಎಂದ. ಆಮೇಲೆ ಪೆಟ್ಟಿಗೆಯನ್ನು ಅಳಿಸಿ, ಪರದೆಯನ್ನು ನೂರೈವತ್ತಕ್ಕೆ ಏರಿಸಿ, ಐದನೆಯ ಹೆಂಗಸಿಗೆ ತೆಗೆದಿಟ್ಟಿದ್ದ ಚೀಲವನ್ನು ಫ್ರಿಜ್ಜಿನಿಂದ ತಂದು ಅವಳ ಪಕ್ಕದಲ್ಲಿ ಕೂತ. “ಈಗ ಜೋರಾಗಿ ಓದಿ ಅಕ್ಕಾ. ನಾನು ಚೀಲದ ಜೊತೆ ತಾಳೆ ನೋಡ್ತೀನಿ.”

ಅಕ್ಕ ಐದನೆಯ ಹೆಸರಿನ ಮೇಲೆ ಬೆರಳಿಟ್ಟಳು. ಆ ಹೆಂಗಸಿನ ಹೆಸರನ್ನು ಪೂರ್ತಿ, ಜೋರಾಗಿ ಓದಿದಳು.