ಊಟವಿರುವ ವಿಮಾನದಲ್ಲಿ ಅತ್ತೆಯ ಉಪವಾಸ

ನಮ್ಮ ಅತ್ತೆ ಬೆಂಗಳೂರಿನಿಂದ ದೆಹಲಿಯವರೆಗೆ ಉಪವಾಸ ಬಂದರು. ಅವತ್ತು ಏಕಾದಶಿಯಲ್ಲ. ಅವರ ಹೊಟ್ಟೆಯೂ ಕೆಟ್ಟಿರಲಿಲ್ಲ. ಹಾಗಾದರೆ ವಿಮಾನದಲ್ಲಿ ಊಟ ಕೊಡಲಿಲ್ಲವೇ? ಕೊಟ್ಟರು! ಊಟ ಕೊಡುತ್ತಾರೆ ಎಂಬ ಒಂದೇ ಕಾರಣಕ್ಕೆ ಜಾಸ್ತಿ ದುಡ್ಡು ಕೊಟ್ಟು ಆ ವಿಮಾನ ಹತ್ತಿಸಿದವಳು ನಾನು. ಅತ್ತೆಯ ಹಿಂದಿನ ಸೀಟಿನಲ್ಲಿ ಕೂತು ಜಾಮೂನಿನ ಪಾಕವನ್ನೂ ಬಿಡದೆ ಬಳಿದು ತಿಂದವಳೂ ನಾನೇ.

ಇರಿ, ಮೊದಲಿನಿಂದ ಹೇಳುತ್ತೇನೆ.

ನನ್ನ ನಾದಿನಿ ಭಾಗ್ಯ ಇರುವುದು ದೆಹಲಿಯಲ್ಲಿ. ಗಂಡ ಮಿಲಿಟರಿಯಲ್ಲಿದ್ದಾನೆ. ಚೊಚ್ಚಲ ಬಸುರಿ, ಏಳು ತಿಂಗಳು. ಬಳೆ ತೊಡಿಸಿ ತವರಿಗೆ ಕರೆತರೋಣ ಎನ್ನುವಷ್ಟರಲ್ಲಿ ಡಾಕ್ಟರು ಪ್ರಯಾಣ ಕೂಡದು ಎಂದುಬಿಟ್ಟರು. ಮಗಳು ಬರದಿದ್ದರೆ ತವರೇ ಮಗಳ ಹತ್ತಿರ ಹೋಗಬೇಕು ತಾನೆ? ಅತ್ತೆ ಹಸಿರು ಬಳೆ ಕೊಂಡು, ರಾಗಿಹಿಟ್ಟು ಕಟ್ಟಿಕೊಂಡು ಸಿದ್ಧರಾದರು. ರೈಲಿನಲ್ಲಿ ಎರಡು ದಿನ ಕೂರುವುದಕ್ಕೆ ಅವರ ಮಂಡಿ ಒಪ್ಪಲಿಲ್ಲ. ನಮ್ಮ ಯಜಮಾನರು ಹೊಗೆಸೊಪ್ಪು ಒಣಗಿಸಿ ಹದಮಾಡುವ ಬ್ಯಾರನ್‌ಗೆ ಬೆಂಕಿ ಹಾಕಿ ಕೂತಿದ್ದರು. ಸೊಪ್ಪು ಹದವಾಗುವವರೆಗೆ ನಮ್ಮ ಕಡೆಯ ಗಂಡಸರು (ಪಿರಿಯಾಪಟ್ಟಣದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ) ಆ ಬೆಂಕಿ ಬಿಟ್ಟು ಅಲ್ಲಾಡುವುದಿಲ್ಲ. ನನಗೋ ಸ್ಕೂಲಿಗೆ ದಸರಾ ರಜೆ. ಹೀಗಾಗಿ ಅತ್ತೆ-ಸೊಸೆಯ ವಿಮಾನಯಾತ್ರೆ.

ಟಿಕೆಟ್ಟಿಗೆಂದು ನಾನೂ ಯಜಮಾನರೂ ಹುಣಸೂರಿಗೆ ಹೋದೆವು. ಅಲ್ಲಿ ಒಬ್ಬ ಏಜೆಂಟ್ ಇದ್ದಾನೆ. ಲಾರಿ ಇನ್ಶೂರೆನ್ಸ್, ಜೆರಾಕ್ಸ್, ವಿಮಾನದ ಟಿಕೆಟ್, ಮೂರೂ ಒಂದೇ ಮೇಜಿನ ಮೇಲೆ.

"ಈಗ ಎರಡು ಥರ ವಿಮಾನ ಅವೆ ಮೇಡಂ," ಎಂದ ಅವನು. "ಒಂದು ದುಬಾರಿದು. ಅಗಲ ಸೀಟು, ಊಟ, ಕಾಫಿ, ಎಲ್ಲಾ ಕೊಟ್ಟು ನಗ್ತಾ ಮಾತಾಡಿಸ್ತಾರೆ. ಇನ್ನೊಂದು ಅಗ್ಗದ್ದು. ಕೂರಿಸ್ಕೊಂಡೋಗಿ ಇಳಿಸ್ತಾರೆ, ಅಷ್ಟೇಯ."

"ಅದ್ರಲ್ಲಿ ನಗಾಕಿಲ್ವಾ?" ಎಂದರು ಯಜಮಾನರು.

"ನಗ್ತಾರೆ ಸಾರ್. ಸ್ಯಾಂಡ್‌ವಿಚ್ ಕೊಂಡ್ಕೊಂಡ್ರೆ."

ಯಜಮಾನರಿಗೆ ಅಷ್ಟು ಸಾಕಾಯಿತು. "ಎರಡೂ ಡೆಲ್ಲಿಗೇ ತಾನೆ ಓಗಾದು? ದುಬಾರಿದೇನು ಡೆಲ್ಲಿ ದಾಟ್ಕೊಂಡು ಕಾಶಿಗೂ ಓಯ್ತದಾ? ಅಗ್ಗದ್ದೇ ಹಾಕಪ್ಪ."

ನಾನು ಆಗುವುದಿಲ್ಲ ಎಂದೆ. ದುಬಾರಿಯದೇ ಬೇಕು ಎಂದು ಹಠ ಹಿಡಿದೆ. ಏಜೆಂಟ್ ಎದುರಿಗೇ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆಯಿತು.

ಹಠಕ್ಕೆ ಕಾರಣವಿತ್ತು. ಈ ಅಂಕಣವನ್ನು ಬಿಡದೆ ಓದುವವರಿಗೆ ನಮ್ಮ ಮನೆಯ ಕಾಫಿ ಪ್ರಕರಣ ಗೊತ್ತು. ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳುತ್ತೇನೆ. ಮೈಸೂರಿನಲ್ಲಿ ಹುಟ್ಟಿ ಬೆಳೆದ ನಾನು ರಾವಂದೂರಿನ ಪಕ್ಕದ ಈ ಹಳ್ಳಿಗೆ ಸೊಸೆಯಾಗಿ ಬಂದು ಹದಿನಾಲ್ಕು ವರ್ಷವಾಯಿತು. ದಿನಾ ಬೆಳಗ್ಗೆ ಕಾಫಿ ಮಾಡುತ್ತೇನೆ. "ಅತ್ತೆ, ಕಾಫಿ ಕೊಡ್ಲಾ?" ಎಂದು ಕೇಳುತ್ತೇನೆ. "ಬ್ಯಾಡ ಬುಡವ್ವ" ಎನ್ನುತ್ತಾರೆ. ಅಷ್ಟೇ. ಆಮೇಲೆ ಪಕ್ಕದ ಮನೆ ಪುಟ್ಟಮ್ಮನ ಜಗಲಿಯಲ್ಲಿ ಕೂತು ಅವಳು ಕೊಟ್ಟ ಕಾಫಿಯನ್ನು ಸೊರ್ರೆಂದು ಕುಡಿಯುತ್ತಾರೆ! ಆ ಸದ್ದು ನಮ್ಮ ಅಡುಗೆಮನೆಯ ಕಿಟಕಿಗೆ ಕೇಳಿಸುತ್ತದೆ. ಪುಟ್ಟಮ್ಮನ ಕಾಫಿ ಹೇಗಿರುತ್ತದೆ ಗೊತ್ತೇ? ಬೆಲ್ಲದ ನೀರಿಗೆ ಹಾಲು ತೋರಿಸಿದ ಹಾಗೆ.

ಕಾಫಿ ಹೋಗಲಿ ಬಿಡಿ. ನಾನೇ ಬೇಡವೇನೋ ಎಂಬ ಅನುಮಾನ ಹದಿನಾಲ್ಕು ವರ್ಷದಿಂದ ಕೊರೆಯುತ್ತಿತ್ತು. ಅತ್ತೆ ಬೈಯುವವರಲ್ಲ. ಬೈದಿದ್ದರೆ ಜಗಳವಾಡಬಹುದಿತ್ತು. ನನ್ನ ಕೈಯಿಂದ ಏನೂ ತೆಗೆದುಕೊಳ್ಳುವುದಿಲ್ಲ ಎಂದರೆ ಏನಂತ ಜಗಳವಾಡುವುದು?

ಇನ್ನೂ ಒಂದು ವಿಷಯವಿದೆ. ಅತ್ತೆ ಬಡಿಸುವುದನ್ನು ನೀವು ನೋಡಬೇಕು. ನೆಂಟರು ಎಲೆಗೆ ಎರಡು ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಸಾರು ಬಿಡುತ್ತಾರೆ. "ಇನ್ನರ್ಧ ಮುದ್ದೆ, ನನ್ನಾಣೆ" ಎನ್ನುತ್ತಾರೆ. ಎಲ್ಲರ ಊಟವಾದ ಮೇಲೆ ತಾವು ಒಲೆಯ ಪಕ್ಕ ಕೂತು, ಉಳಿದದ್ದನ್ನು ಬಡಿಸಿಕೊಂಡು ತಿನ್ನುತ್ತಾರೆ. ಜೀವನದಲ್ಲಿ ಒಂದೇ ಒಂದು ಸಲ ಯಾರಾದರೂ ಅವರನ್ನು ಮೆತ್ತನೆಯ ಕುರ್ಚಿಯಲ್ಲಿ ಕೂರಿಸಿ, ಬಾಗಿ ನಿಂತು ಬಡಿಸಲಿ ಎಂದು ನನಗೆ ಆಸೆ. ಅದನ್ನು ಮಾಡಿಸಿದ ಪುಣ್ಯ ಸೊಸೆಗೇ ಬರಲಿ ಎಂಬ ಸ್ವಾರ್ಥವೂ ಇತ್ತು, ಸುಳ್ಳೇಕೆ ಹೇಳಲಿ?

ಕೊನೆಗೆ ಯಜಮಾನರೇ ರಾಜಿಗೆ ಬಂದರು. "ಓಗಾದು ನಿನ್ನಿಷ್ಟ, ಬರಾದು ನನ್ನಿಷ್ಟ." ಹೋಗುವಾಗ ದುಬಾರಿ, ಬರುವಾಗ ಅಗ್ಗ. ಏಜೆಂಟ್ ನಿಟ್ಟುಸಿರು ಬಿಟ್ಟು ಟಿಕೆಟ್ ಬರೆದ.

ಹೊರಡುವ ದಿನ ಏರ್‌ಪೋರ್ಟಿನ ಕೌಂಟರಿನಲ್ಲಿ ಅತ್ತೆಗೆ ಕಿಟಕಿ ಸೀಟೇ ಬೇಕೆಂದು ಇನ್ನೊಂದು ಹಠ ಹಿಡಿದೆ. ಕಿಟಕಿ ಸಿಕ್ಕಿತು, ಆದರೆ ನನ್ನ ಸೀಟು ಹಿಂದಿನ ಸಾಲಿಗೆ ಹೋಯಿತು. ಅತ್ತೆಯ ಪಕ್ಕದಲ್ಲಿ ಕೋಟು ತೊಟ್ಟ ಒಬ್ಬ ಮಹಾಶಯ. ಸೀಟು ಬದಲಾಯಿಸಿಕೊಳ್ಳಿ ಎಂದರೆ ಪೇಪರಿನಿಂದ ಮುಖ ತೆಗೆಯಲಿಲ್ಲ. ಹೋಗಲಿ, ಮೂರು ಗಂಟೆಯ ಮಾತು ಎಂದುಕೊಂಡೆ. ಮುಂದಿನ ಸೀಟಿನ ಮೇಲೆ ಅತ್ತೆಯ ತುರುಬು, ಅದರಲ್ಲಿ ಕನಕಾಂಬರ ಕಾಣುತ್ತಿತ್ತು. ಊಟದ ಗಾಡಿ ಬಂತು. ಗಗನಸಖಿ ಅತ್ತೆಯ ಕಡೆ ಬಾಗಿದಳು, ನಕ್ಕಳು, ಏನೋ ಕೇಳಿದಳು. ನನಗೆ ಕಣ್ಣು ತುಂಬಿ ಬಂತು. ನೋಡಿ, ಕೊನೆಗೂ ನಮ್ಮತ್ತೆಗೆ ಒಬ್ಬರು ಬಡಿಸುತ್ತಿದ್ದಾರೆ! ಆ ಸಂತೋಷದಲ್ಲೇ ನನ್ನ ತಟ್ಟೆ ಖಾಲಿ ಮಾಡಿದೆ.

ಭಾಗ್ಯಳ ಮನೆಗೆ ಹೋಗಿ ಚಪ್ಪಲಿ ಬಿಟ್ಟ ತಕ್ಷಣ ಅತ್ತೆ ಮಗಳಿಗೆ ಅಂದ ಮೊದಲ ಮಾತು, "ಮಗ, ಅನ್ನ ಐತಾ? ಒಟ್ಟೆ ಅಸ್ದು ಕಣ್ಣು ಕತ್ತಲೆ ಬತ್ತಾ ಅದೆ."

ನಾನು ನಿಂತಲ್ಲೇ ನಿಂತೆ. "ಅತ್ತೆ! ವಿಮಾನದಲ್ಲಿ ಊಟ ಮಾಡ್ಲಿಲ್ವಾ?"

"ಕೊಟ್ರೆ ತಾನೆ ಉಣ್ಣಾದು?"

"ಆ ಹುಡುಗಿ ಬಂದು ಕೇಳಿದ್ಲಲ್ಲ?"

"ಕೇಳಿದ್ಲು. ಬ್ಯಾಡ ಬುಡವ್ವ ಅಂದೆ. ಕೈ ಅಡ್ಡ ಇಟ್ಟೆ. ಅಷ್ಟಕ್ಕೇ ಗಾಡಿ ತಳ್ಕೊಂಡು ಒಂಟೋದ್ಲು ಕಣವ್ವ! ಒಂದೇ ಸತಿ ಕೇಳಿದ್ಲು. ಒಂದೇ ಸತಿ!" ಅತ್ತೆಯ ದನಿಯಲ್ಲಿ ಸಿಟ್ಟಿಗಿಂತ ಆಶ್ಚರ್ಯವೇ ಜಾಸ್ತಿಯಿತ್ತು. ಅಷ್ಟು ಚಂದದ ಹುಡುಗಿಗೆ ಮನೆಯಲ್ಲಿ ಯಾರೂ ಬಡಿಸುವುದು ಕಲಿಸಲಿಲ್ಲವೇ ಎಂಬ ಕನಿಕರ ಬೇರೆ.

"ಬೇಡ ಅಂದ್ರೆ ಬೇಡ ಅಂತ ತಾನೆ ಅತ್ತೆ ಅವಳು ತಿಳ್ಕೊಳ್ಳೋದು?"

"ಬ್ಯಾಡ ಅನ್ನಾದು ಮರ್ವಾದೆ ಕಣವ್ವ. ತಟ್ಟೆ ಕಂಡ ತಕ್ಸಣ ಕೊಡು ಅಂತ ಬಾಯಿ ಬುಡಾಕಾಯ್ತದಾ? ನಾವೇನು ಊಟ ಕಂಡಿಲ್ದೋರಾ?"

ಭಾಗ್ಯ ಹೊಟ್ಟೆ ಹಿಡಿದುಕೊಂಡು ನಕ್ಕಳು. (ಏಳು ತಿಂಗಳ ಹೊಟ್ಟೆ, ನನಗೆ ಭಯ.) "ಅತ್ತಿಗೆ, ಅವ್ವನ್ನ ಮೂರು ಸತಿ ಕೇಳ್ಬೇಕು. ನಿಮ್ಗೆ ಗೊತ್ತಿಲ್ವಾ?"

ನನಗೆ ನಗು ಬರಲಿಲ್ಲ. ರೇಗಿತ್ತು. ಅಷ್ಟು ದುಡ್ಡು ತೆಗೆದುಕೊಂಡು, ವಯಸ್ಸಾದ ಹೆಂಗಸನ್ನು ಹಸಿದ ಹೊಟ್ಟೆಯಲ್ಲಿ ಕೂರಿಸುವುದೇ? ಅಂದೇ ಸಂಜೆ ಕೂತು ಆ ಕಂಪನಿಗೆ ಮೂರು ಪುಟದ ದೂರು ಬರೆದೆ. ಇಂಗ್ಲಿಷ್ ಮೇಡಂ ಅಲ್ಲವೇ ನಾನು? ಸ್ಕೂಲಿನಲ್ಲಿ ಎಲ್ಲೂ ಬಳಸಲಾಗದೆ ಉಳಿದಿದ್ದ ದೊಡ್ಡ ದೊಡ್ಡ ಪದಗಳನ್ನೆಲ್ಲ ಅದರಲ್ಲಿ ಸುರಿದೆ. 'ನಮ್ಮವರನ್ನು ಒಂದೇ ಸಲ ಕೇಳಿ ಹೊರಟುಹೋದಿರಿ' ಎಂಬ ವಾಕ್ಯಕ್ಕೆ ಅಡಿಗೆರೆ ಎಳೆದೆ. ಭಾಗ್ಯಳ ಗಂಡ ಓದಿ, "ಅಕ್ಕ, ಇದಕ್ಕೆ ಅವರು ಒಂದೇ ಸಾಲು ಉತ್ತರ ಬರೀತಾರೆ, ಪ್ಯಾಸೆಂಜರ್ ಸೆಡ್ ನೋ ಅಂತ" ಎಂದ. ಬರೆಯಲಿ, ನಾನೂ ನೋಡುತ್ತೇನೆ ಎಂದು ಕವರಿಗೆ ಹಾಕಿ ಅಂಟಿಸಿದೆ. ಕಂಪನಿಯ ವಿಳಾಸ ಮಾತ್ರ ಊರಿನಲ್ಲಿ ಏಜೆಂಟನನ್ನು ಕೇಳಿ ಬರೆಯಬೇಕಿತ್ತು.

ಬಳೆ ತೊಡಿಸಿದ್ದಾಯಿತು. ಮಡಿಲು ತುಂಬಿದ್ದಾಯಿತು. ವಾಪಸು ಹೊರಟೆವು, ಯಜಮಾನರ ಇಷ್ಟದ ಅಗ್ಗದ ವಿಮಾನದಲ್ಲಿ.

ಅತ್ತೆ ಈ ಸಲ ಯಾರನ್ನೂ ನಂಬಲಿಲ್ಲ. ರಾಗಿರೊಟ್ಟಿ ತಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಂಡಿದ್ದರು. ತಪಾಸಣೆಯವನು ಆ ಕಪ್ಪು ಪುಡಿಯ ಪೊಟ್ಟಣ ಬಿಚ್ಚಿ, ಇದೇನು ಎಂದು ಹಿಂದಿಯಲ್ಲಿ ಗದರಿದ. ಅತ್ತೆ ಒಂದು ಚಿಟಿಕೆ ತೆಗೆದು ಅವನ ಮುಂದೆ ಹಿಡಿದು, "ನೀನೇ ತಿಂದು ನೋಡಪ್ಪ" ಎಂದರು. ಬೇಡ ಎಂದ. ಇನ್ನೊಂದು ಸಲ ಹೇಳಿದರು. ಮೂರನೆಯ ಸಲ ಹೇಳುವಷ್ಟರಲ್ಲಿ ಅವನು ಕೈ ಮುಗಿದು ಮುಂದಕ್ಕೆ ಕಳಿಸಿದ.

ವಿಮಾನವೋ, ಕೆಂಪು ಬಸ್ಸಿಗೆ ರೆಕ್ಕೆ ಕಟ್ಟಿದ ಹಾಗಿತ್ತು. ಮುಂದಿನ ಸೀಟಿಗೆ ಮಂಡಿ ತಾಗುತ್ತಿತ್ತು. ಹತ್ತಿ ಕೂತ ಮೇಲೆ ಒಂದು ಗಂಟೆ ನಿಂತಲ್ಲೇ ನಿಂತಿತು. ಮೇಲೆ ಟ್ರಾಫಿಕ್ಕಂತೆ! ಆದರೆ ಒಂದು ಅನುಕೂಲವಿತ್ತು. ಅತ್ತೆ ನನ್ನ ಪಕ್ಕದಲ್ಲೇ ಇದ್ದರು. ಅವರ ಆ ಬದಿಯಲ್ಲಿ ಒಬ್ಬ ಮಲಯಾಳಿ ಹುಡುಗಿ, ನರ್ಸು. ಮೈಸೂರಿನಲ್ಲಿ ಓದಿದ್ದರಿಂದ ಕನ್ನಡ ಬರುತ್ತಿತ್ತು. ಊರು ಮಾನಂದವಾಡಿ, ಬೆಂಗಳೂರಿನಲ್ಲಿ ಇಳಿದು ಬಸ್ಸಿನಲ್ಲಿ ಹೋಗುತ್ತಾಳಂತೆ.

"ಅಂಗಾದ್ರೆ ನಮ್ಮ ಹ್ಯಾಂಡ್‌ಪೋಸ್ಟ್ ಊರ ಮೇಲೇ ಓಯ್ತೀಯ! ನನ್ನ ತಂಗಿ ಮಗಳ್ನ ಕೊಟ್ಟಿರಾದು ಅಲ್ಲೇಯ. ನೀನು ನಮ್ಮೋಳೇ ಬುಡು," ಎಂದವರೇ ಅತ್ತೆ ಗಂಟು ಬಿಚ್ಚಿದರು.

ಅಷ್ಟರಲ್ಲಿ ಸ್ಯಾಂಡ್‌ವಿಚ್ಚಿನ ಗಾಡಿ ತಳ್ಳಿಕೊಂಡು ಬಂದವಳು ನಮ್ಮನ್ನು ಒಮ್ಮೆ ನೋಡಿ ಮುಂದೆ ಹೋದಳು. ನಾನು ಅತ್ತೆಯ ಮುಖ ನೋಡಿದೆ. "ಇವಳು ಯಾಪಾರಕ್ಕೆ ಬಂದೋಳು, ಕೇಳ್ದಿದ್ರೂ ಬೇಜಾರಿಲ್ಲ. ಅವತ್ತಿನೋಳು ಬಡ್ಸಾಕೆ ಬಂದೋಳಲ್ವಾ?" ಎಂದರು. ದುಬಾರಿ-ಅಗ್ಗದ ವ್ಯತ್ಯಾಸವನ್ನು ಏಜೆಂಟನೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ರೊಟ್ಟಿ ಕೊಟ್ಟರೆ ನರ್ಸು ಹುಡುಗಿ, "ವೇಂಡ ಅಮ್ಮೇ, ತಿಂದು ಬಂದೆ" ಎಂದಳು. ಅತ್ತೆ ಬಿಡಲಿಲ್ಲ. ಅವಳು ಮತ್ತೆ ಬೇಡ ಎಂದಳು. ಮೂರನೆಯ ಸಲಕ್ಕೆ ನಕ್ಕು ಕೈ ಚಾಚಿದಳು. ತಿಂದಳು, ಬೆರಳು ಚೀಪಿದಳು. ಆಮೇಲೆ ತನ್ನ ಬ್ಯಾಗಿನಿಂದ ಬಾಳೆಕಾಯಿ ಚಿಪ್ಸ್ ತೆಗೆದು ಅತ್ತೆಯ ಮುಂದೆ ಹಿಡಿದಳು.

"ಬ್ಯಾಡ ಬುಡವ್ವ," ಎಂದರು ಅತ್ತೆ. ಕೈ ಅಡ್ಡ ಇಟ್ಟರು.

ನಾನು ಉಸಿರು ಹಿಡಿದು ಕೂತೆ.

"ಸ್ವಲ್ಪ ಅಮ್ಮ."

"ನನ್ನ ಅಲ್ಲು ಅಲ್ಲಾಡ್ತಾವೆ ಕಣವ್ವ."

ಹುಡುಗಿ ಇನ್ನು ಕೇಳುವ ಗೋಜಿಗೇ ಹೋಗಲಿಲ್ಲ. ಅಡ್ಡ ಇಟ್ಟಿದ್ದ ಆ ಕೈಯನ್ನೇ ಹಿಡಿದು, ತಿರುಗಿಸಿ, ಅಂಗೈ ತುಂಬಾ ಚಿಪ್ಸ್ ಹಾಕಿ, ಬೆರಳು ಮಡಚಿದಳು. "ಎಡುಕ್ಕು ಅಮ್ಮೇ, ತಗೊಳ್ಳಿ. ನಮ್ಮ ಅಜ್ಜಿನೂ ಹೀಗೇ, ಕೇಳ್ತಾ ಕೂತರೆ ತಿನ್ನೋದೇ ಇಲ್ಲ."

"ನೀನು ಬುಡಾಕಿಲ್ಲ ಅಂದ್ರೆ ನಾನೇನು ಮಾಡನೆ!" ಎಂದು ಅತ್ತೆ ಬಾಯಿಗೆ ಹಾಕಿಕೊಂಡರು. ಕರುಂ ಕುರುಂ ಎಂದು ಅಗಿದರು. ಅಲ್ಲಾಡುವ ಹಲ್ಲೆಲ್ಲಿ ಹೋಯಿತೋ! ಆ ಮುಖವನ್ನು ನೀವು ನೋಡಬೇಕಿತ್ತು. ತವರಿಗೆ ಹೋದ ಹುಡುಗಿಯ ಮುಖ ಅದು.

ಪುಟ್ಟಮ್ಮನ ಜಗಲಿಯಲ್ಲಿ ಅದೇ ಮುಖವನ್ನು ನಾನು ದಿನಾ ಕಿಟಕಿಯಿಂದ ನೋಡಿದ್ದೇನೆ. ಪುಟ್ಟಮ್ಮ ಕೇಳುವುದೇ ಇಲ್ಲವಲ್ಲ, ಲೋಟ ತಂದು ಕೈಗೆ ತುರುಕುತ್ತಾಳೆ! ನಾನು? "ಅತ್ತೆ, ಕಾಫಿ ಕೊಡ್ಲಾ?" "ಬ್ಯಾಡ ಬುಡವ್ವ." "ಸರಿ ಅತ್ತೆ." ನಮ್ಮ ಮೈಸೂರಿನ ಮನೆಯಲ್ಲಿ ಬೇಕಾದವರು ಬೇಕು ಎನ್ನುತ್ತಿದ್ದರು, ಬೇಡವಾದವರು ಬೇಡ ಎನ್ನುತ್ತಿದ್ದರು. ಇಲ್ಲಿಯ ಬಲವಂತವನ್ನೆಲ್ಲ ನೋಡಿಯೂ, ಅದು ನೆಂಟರಿಗೆ ಎಂದುಕೊಂಡಿದ್ದೆ. ಅತ್ತೆ ನೆಂಟರೇ? ಅಡುಗೆಮನೆ ಅವರದೇ ಎಂದು ನಾನು ತಿಳಿದಿದ್ದೆ. ಸೊಸೆ ಬಂದ ದಿನದಿಂದ ಅದು ಸೊಸೆಯದು ಎಂದು ಅವರು ತಿಳಿದಿದ್ದರು. ನನ್ನ ಮನೆಯಲ್ಲಿ ಹದಿನಾಲ್ಕು ವರ್ಷದಿಂದ ಅವರು ಎರಡನೆಯ ಮಾತಿಗೆ ಕಾಯುತ್ತಾ ಕೂತಿದ್ದರು. ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

"ಯಾಕವ್ವ, ಕಿವಿ ನೋಯ್ತದಾ?" ಎಂದರು ಅತ್ತೆ. ಹೂಂ ಎಂದೆ.

ಮರುದಿನ ಬೆಳಗ್ಗೆ ಮನೆಯಲ್ಲಿ ಕಾಫಿ ಮಾಡಿದೆ.

"ಅತ್ತೆ, ಕಾಫಿ ಕೊಡ್ಲಾ?"

"ಬ್ಯಾಡ ಬುಡವ್ವ."

"ಒಂದರ್ಧ ಲೋಟ ಅತ್ತೆ."

ಅತ್ತೆ ತಲೆ ಎತ್ತಿ ನನ್ನನ್ನು ನೋಡಿದರು. "ಈಗ ತಾನೆ ನೀರು ಕುಡ್ದೆ," ಎಂದರು, ಆದರೆ ಎದ್ದು ಹೋಗಲಿಲ್ಲ. ನಾನು ಮೂರನೆಯ ಸಲ ಕೇಳಲಿಲ್ಲ. ಅವರ ಕೈ ಹಿಡಿದು ಲೋಟ ಇಟ್ಟು ಬೆರಳು ಮಡಚಿದೆ.

ಸೊರ್ರೆಂದು ಸದ್ದಾಯಿತು. ಬ್ಯಾರನ್ ಕಡೆಯಿಂದ ಬರುತ್ತಿದ್ದ ಯಜಮಾನರು ಬಾಗಿಲಲ್ಲೇ ನಿಂತುಬಿಟ್ಟರು.

"ಸಕ್ರೆ ಒಸಿ ಕಮ್ಮಿ ಆಗದೆ," ಎಂದರು ಅತ್ತೆ, ಪೂರ್ತಿ ಮುಗಿಸಿ. "ನಾಳೀಕೆ ಸರ್‍ಯಾಗಿ ಆಕು."

ನಾಳೆಗೆ! ಕೇಳಿದಿರಾ?

ದೂರಿನ ಕವರು ಇನ್ನೂ ನನ್ನ ಬ್ಯಾಗಿನಲ್ಲೇ ಇದೆ. ಒಳಗೆ ಅಡಿಗೆರೆ ಎಳೆದ ಆ ವಾಕ್ಯವೂ ಹಾಗೇ ಇದೆ, ನಮ್ಮವರನ್ನು ಒಂದೇ ಸಲ ಕೇಳಿ ಹೊರಟುಹೋದಿರಿ ಎಂದು. ವಿಳಾಸದ ಜಾಗ ಖಾಲಿ ಇದೆ. ಅಲ್ಲಿ ಈಗ ಯಾರ ಹೆಸರು ಬರೆಯಲಿ, ನೀವೇ ಹೇಳಿ?