ಕ್ರಾಸಿಂಗ್ ಸಾಲಿನ ಜಗಳ

ನಿನಗೆಲ್ಲಿ ಇಂಗ್ಲಿಷ್ ಬರ್ತೈತಿ ಅಂತ ಯಾರರೆ ಚ್ಯಾಷ್ಟಿ ಮಾಡಿದ್ರ ನನಗ ಸಿಟ್ಟು ನೆತ್ತಿಗೇರ್ತೈತಿ. ಏಳನೇತ್ತಕ್ಕ ಸಾಲಿ ಬಿಟ್ಟಾಕಿ ನಾನು, ಖರೇ. ಆದ್ರ ಕ್ರಾಸ್ ಅನ್ನೋ ಒಂದು ಶಬ್ದದ ಮ್ಯಾಲೆ ಯಾವ ಮಾಸ್ತರಿಗೆ ಬೇಕಾದ್ರೂ ನಾನು ಪಾಠ ಹೇಳತೇನಿ. ಲೆಕ್ಕ ತಪ್ಪಿದ್ರ ನನ್ನ ಪಾಟಿ ಮ್ಯಾಲೆ ಬೀಳತಿದ್ದದ್ದು ಕ್ರಾಸ್. ನಮ್ಮೂರೊಳಗ ಬಸ್ಸು ಬರ್ತಿರಲಿಲ್ಲ, ಕಾಗಿನೆಲೆ ಕ್ರಾಸಿಗೆ ನಡಕೊಂಡು ಬಂದು ನಿಲ್ಲಬೇಕಿತ್ತು. ಬ್ಯಾಡಗಿ ಸ್ಟೇಷನ್ನಿನಾಗ ರೈಲು ಸುಮ್ನ ನಿಂತ್ರ ಕ್ರಾಸಿಂಗ್ ಐತಿ ಅಂತಿದ್ರು. ಕಾಕಾನ ಮನ್ಯಾಗ ಕೊಡ ತುಂಬ ಹಾಲು ಕೊಡತಿದ್ದದ್ದು ಕ್ರಾಸ್ ಆಕಳ. ದೊಡ್ಡವರಿಗೆ ಎದುರುತ್ತರ ಕೊಟ್ರ ಕ್ರಾಸ್ ಮಾತಾಡಬ್ಯಾಡ ಅಂತ ಬೈಗಳ ಬೀಳತಿದ್ವು. ಆ ಬೈಗಳ ನನ್ನಷ್ಟು ಯಾರೂ ತಿಂದಿಲ್ಲ.

ಹೊಟ್ಟಿಗೆ ಹಾಕಿದ್ದು ಮಾತ್ರ ಇನ್ನೊಂದು ಕ್ರಾಸ್. ರಾಣೆಬೆನ್ನೂರಿನ ಸುತ್ತ ಬೀಜದ ಸಲುವಾಗಿ ಟೊಮ್ಯಾಟೊ ಬೆಳೀತಿದ್ರು, ಅಲ್ಲಿ ಕ್ರಾಸಿಂಗ್ ಕೆಲಸಕ್ಕ ನಾನು, ನಮ್ಮವ್ವ ಇಬ್ರೂ ಹೋಗ್ತಿದ್ವಿ. ಸಂಜೀಕ ಮೊಗ್ಗಿ ಬಿಡಿಸಿ ಗಂಡು ಭಾಗ ಕಿತ್ತೊಗೀಬೇಕು. ಮರುದಿನ ಮುಂಜಾನೆ ಬ್ಯಾರೆ ಜಾತಿ ಹೂವಿನ ಪುಡೀನ ಬೆರಳಿಗೆ ಹಾಕ್ಕೊಂಡ ಕುಳಿ ಇರೋ ಉಂಗುರದಾಗ ತುಂಬಕೊಂಡು ಒಂದೊಂದು ಹೂವಿಗೂ ಮುಟ್ಟಿಸಬೇಕು. ಮುಟ್ಟಿಸಿದ ಕೂಡ್ಲೆ ಹೂವಿನ ಬುಡದಾಗಿನ ಐದು ಹಸರ ಎಸಳಿನಾಗ ಎರಡು ಚಿವುಟಬೇಕು. ಅದ ಗುರುತು. ಐದೂ ಎಸಳು ಉಳಿದ ಕಾಯಿ ಅಂದ್ರ ಯಾರೂ ಕೈ ಹಚ್ಚದ ಕಟ್ಟಿದ ಕಾಯಿ, ಬೀಜಕ್ಕ ಬರಂಗಿಲ್ಲ. ಬಿಸಿಲು ಏರೋದ್ರಾಗ ಎಲ್ಲಾ ಮುಗೀಬೇಕು, ಹೂವು ಯಾರ ಸಲುವಾಗಿನೂ ಕಾಯಂಗಿಲ್ಲ.

ದೊಡ್ಡ ರಸ್ತೆ ಅಗಲ ಮಾಡಾಕ ಎರಡೂ ಕಡೆ ಅಗದು ಹಾಕಿದ್ದ ವರ್ಷ ಅದು. ಒಂದಿನ ಮುಂಜಾನೆ ಬೀಜದ ಕಂಪನಿ ಸಾಹೇಬ ಬಂದು ನಮ್ಮ ಸಾಲಿನ ಕಾಯಿ ತಿರುವಿ ತಿರುವಿ ನೋಡಿದ. ಗುರುತಿಲ್ಲದ ಕಾಯಿ ಬೊಗಸಿ ತುಂಬ ಸಿಕ್ಕುವು. ಇನ್ನೊಮ್ಮೆ ಹಿಂಗಾದ್ರ ನಿಮ್ಮ ಹೊಲಾನ ಬ್ಯಾಡ ಅಂತ ಧಣಿಗೆ ಹೇಳಿ ಗಾಡಿ ಹತ್ತಿ ಹೋದ. ಧಣಿ ಸೀದಾ ಬಂದು ಅವ್ವನ ಮುಂದ ನಿಂತ. ಅವ್ವನ ಕಣ್ಣಿಗೆ ದೂರದ್ದು ಮಸಕು, ಬಸ್ಸಿನ ಬೋರ್ಡು ನನ್ನ ಕೇಳಿ ಹತ್ತತಾಳ ಅನ್ನೋದು ಎಲ್ಲರಿಗೂ ಗೊತ್ತಿತ್ತು.

"ನಿನಗ ಕಣ್ಣು ಕಾಣಂಗಿಲ್ಲ. ನಾಳಿಂದ ಬರಬ್ಯಾಡ" ಅಂದ.

ಹದಿನೈದು ವರ್ಷದಾಗ ಅವ್ವನ ಕೈಕೆಲಸದ ಮ್ಯಾಲೆ ಒಂದು ಮಾತು ಬಂದಿರಲಿಲ್ಲ, ಹೊಸಬರಿಗೆ ಕಲಿಸಿದಾಕಿನೂ ಅಕೀನ. ನನಗ ತಡಕೊಳ್ಳಾಕ ಆಗಲಿಲ್ಲ. ಯಾವ ಕಾಯಿ ತೋರಸ್ರಿ ಅಂತ ಜಗಳಕ್ಕ ನಿಂತೆ. ತೋರಿಸಿದ. ಒಂದೊಂದ ತಿರುವಿ ನೋಡಿದೆ. ಅವ್ವ ಗಿಡ್ಡಾಕಿ, ಕೆಳಗಿನ ಟೊಂಗಿ ಅಕೀವು. ಕೋಲಿಗೆ ಕಟ್ಟಿದ ಮ್ಯಾಲಿನ ಟೊಂಗಿ ನನ್ನವು. ಗುರುತಿಲ್ಲದ ಕಾಯಿ ಎಲ್ಲಾ ಮ್ಯಾಲಿನವ. ತಂಗಿ ಲಗ್ನದ ಮಾತಿನ ಭರದಾಗ ನಾನು ಪುಡಿ ಮುಟ್ಟಿಸಿ, ಎಸಳು ಚಿವುಟದ ಮುಂದ ಮುಂದ ಹೋಗಿದ್ದೆ.

ಸುಮ್ನಿದ್ದಿದ್ರ ನನ್ನ ಕೆಲಸ ಉಳೀತಿತ್ತು. ತಪ್ಪು ನಂದು, ತೆಗೆಯೋದಾದ್ರ ನನ್ನ ತೆಗೀರಿ ಅಂದೆ. ಧಣಿ ಕೇಳಲಿಲ್ಲ. ಹರೇದಾಕಿ ನೀನು, ತಿದ್ದಕೋತಿ, ಮುದುಕಿ ಇವತ್ತಲ್ಲ ನಾಳೆ ಹೋಗಾಕೀನ, ಕ್ರಾಸ್ ಮಾತಾಡದ ಕೆಲಸ ನೋಡು ಅಂದ. ಯಾಕ ಮಾತಾಡಬಾರದು? ನನ್ನವ್ವನ ಮರ್ಯಾದಿ ಹೋಗೋ ಮುಂದ ಮಾತಾಡದ ಬಾಯಿ ಇದ್ದೇನು ಉಪಯೋಗ? ಉಂಗುರ ತೆಗೆದು ಅವನ ಕೈಯಾಗ ಇಟ್ಟು, ಅವ್ವನ ರಟ್ಟಿ ಹಿಡಿದು ಕರಕೊಂಡು ಬಂದು ಬದುವಿನ ಮ್ಯಾಲೆ ಕುಂದ್ರಿಸಿದೆ.

ಅವ್ವನ ಕಡೆ ಕೆಲಸ ಕಲಿತಿದ್ದ ಕರ್ಜಗಿಯಾಕಿ ಒಬ್ಬಾಕಿ ಬಂದು ನಮ್ಮ ಮಗ್ಗಲಿಗೆ ಕುಂತ್ಲು. ಆಮ್ಯಾಲೆ ಒಬ್ಬೊಬ್ಬರ ಬಂದು ಎಲ್ಲಾರೂ ಕುಂತ್ರು. ಹೊಲ ತುಂಬ ಹೂವು ಬಾಯಿ ತಗದು ನಿಂತಿದ್ವು, ಮುಟ್ಟೋ ಕೈ ಒಂದೂ ಇರಲಿಲ್ಲ. ಧಣಿ ಒಮ್ಮೆ ಹೂವು ನೋಡ್ತಿದ್ದ, ಒಮ್ಮೆ ಹೊತ್ತು ನೋಡ್ತಿದ್ದ. ಬಿಸಿಲು ಚುರುಗುಟ್ಟಾಕ ಹತ್ತಿದ ಮ್ಯಾಲೆ ಬಂದು, ಆತು, ಮುದುಕೀನೂ ಬರ್ಲಿ ಅಂದ.

ಎಲ್ಲಾರೂ ಎದ್ರು. ಅವ್ವ ಏಳಲಿಲ್ಲ. ತಪ್ಪು ನನ್ನದಲ್ಲ ಅಂತ ನಾಲ್ಕು ಮಂದಿ ಮುಂದ ಹೇಳ್ರಿ ಅಂದ್ಲು. ಅಂವ ಬಾವಿ ಕಡೆ ಮಾರಿ ಮಾಡಿ ಏನೋ ಗೊಣಗಿದ.

"ಅತ್ಲಾಗ ಅಲ್ಲ. ನನ್ನ ಕಣ್ಣಾಗ ಕಣ್ಣಿಟ್ಟು ಹೇಳ್ರಿ."

ಹೇಳಿದ. ಎಲ್ಲಾರಿಗೂ ಕೇಳೋ ಹಂಗ ಹೇಳಿದ. ಅವ್ವ ಸೀರಿ ಝಾಡಿಸಿಕೊಂಡು ಸಾಲಿಗೆ ಇಳಿದ್ಲು. ಅಕಿ ಹಿಂದ ನಾನೂ ಹೊಂಟೆ. ಧಣಿ ಕೈ ಅಡ್ಡ ಹಿಡಿದು, ನನ್ನ ತೆಗೀರಿ ಅಂದಾಕಿ ನೀನ ಅಲ್ಲ, ನೀ ಬ್ಯಾಡ ಅಂದ. ಆಗ್ಲಿ ಅಂದೆ. ಮನಿಗೆ ಮಾತ್ರ ಹೋಗಲಿಲ್ಲ. ಕೆಲಸ ಬಿಡೋ ತನಕ ಅದ ಬದುವಿನ ಮ್ಯಾಲೆ ಕುಂತು, ನಮ್ಮವ್ವ ತುದಿಗಾಲಿನ ಮ್ಯಾಲೆ ನಿಂತು ನನ್ನ ಪಾಲಿನ ಟೊಂಗೀನೂ ಮುಗಿಸೋದನ್ನ ನೋಡಿದೆ.